ಹಾಲು ಕುಡಿಯುವ ಕೂಸಿಗೂ ಪಠ್ಯಕ್ರಮವೇ? ಬೆಳವಣಿಗೆಯ ಜಿಗಿತ ಮತ್ತು ತಾಯಂದಿರ ಗೊಂದಲ

ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೂ ಅಂಗನವಾಡಿಯ ಮೂಲಕ ಪಠ್ಯಕ್ರಮ ಬಂದಿದೆ ಎಂಬ ಸುದ್ದಿ ಓದಿದವರಿಗೆ ಮೊದಲು ಏಳುವ ಪ್ರಶ್ನೆ ಒಂದೇ: ತೊಟ್ಟಿಲಲ್ಲಿರುವ ಕೂಸಿಗೆ ಯಾವ ಪಾಠ? ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಗಾದೆ ನೆನಪಾಗುವುದು ಸಹಜ. ಅಕ್ಷರ, ಅಂಕಿ, ಪರೀಕ್ಷೆಗಳ ಜೊತೆಗೇ ಬೆಳೆದು ಬಂದ ಶಬ್ದ ಪಠ್ಯಕ್ರಮ. ಅದನ್ನು ಎದೆಹಾಲಿನ ವಯಸ್ಸಿಗೆ ಅಂಟಿಸಿದಾಗ ಮನೆಮಂದಿ ಬೆಚ್ಚಿದರೆ ತಪ್ಪಿಲ್ಲ.

ಇದೇ ಹೊತ್ತಿನಲ್ಲಿ ತಾಯಂದಿರ ಮೊಬೈಲಿಗೆ ಇನ್ನೊಂದು ಬಗೆಯ ಪಟ್ಟಿ ಬರುತ್ತಿದೆ. ನಿಮ್ಮ ಮಗು ಈ ವಾರ 'ಮಾನಸಿಕ ಜಿಗಿತ'ದಲ್ಲಿದೆ, ಇನ್ನು ಹತ್ತು ದಿನ ಅಳು ಹೆಚ್ಚು ಎಂದು ಆ್ಯಪ್‌ಗಳು ವಾರ ಗೊತ್ತುಮಾಡಿ ಹೇಳುತ್ತವೆ. ಅಮೆರಿಕದವರು ಮಕ್ಕಳ ಬೆಳವಣಿಗೆಯ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿದ್ದಾರೆ ಎಂಬ ಮಾತೂ ಹರಿದಾಡುತ್ತಿದೆ. ಮನೆಯಲ್ಲಿ ಅಜ್ಜಿ ದೃಷ್ಟಿ ತೆಗೆಯುತ್ತಾಳೆ, ಅತ್ತೆ ಹಾಲು ಸಾಲುತ್ತಿಲ್ಲ ಎನ್ನುತ್ತಾರೆ. ಇಷ್ಟು ದನಿಗಳ ನಡುವೆ ನಾಲ್ಕು ತಿಂಗಳ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ರಾತ್ರಿ ಎರಡು ಗಂಟೆಗೆ ಪಡಸಾಲೆಯಲ್ಲಿ ಅಡ್ಡಾಡುತ್ತಿರುವ ತಾಯಿ ಯಾವುದನ್ನು ನಂಬಬೇಕು?

ಸುದ್ದಿಯ ಹಿನ್ನೆಲೆ

ಕೇಂದ್ರ ಸರ್ಕಾರ 2023ರಲ್ಲಿ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮ ಆರಂಭಿಸಿತು. ಅಂಗನವಾಡಿಯಲ್ಲಿ ಊಟದಷ್ಟೇ ಕಲಿಕೆಗೂ ಜಾಗ ಇರಬೇಕು ಎಂಬುದು ಅದರ ಉದ್ದೇಶ. ಅದರ ಬೆನ್ನಿಗೆ 2024ರಲ್ಲಿ ಎರಡು ದಾಖಲೆಗಳು ಹೊರಬಂದವು. ಮೂರರಿಂದ ಆರು ವರ್ಷದವರಿಗೆ 'ಆಧಾರಶಿಲಾ', ಹುಟ್ಟಿನಿಂದ ಮೂರು ವರ್ಷದವರಿಗೆ 'ನವಚೇತನ'. ನವಚೇತನದಲ್ಲಿ 36 ತಿಂಗಳ ಒಂದು ಕ್ಯಾಲೆಂಡರ್ ಇದೆ, ವಯಸ್ಸಿಗೆ ತಕ್ಕಂತೆ ಹಂಚಿದ 140 ಚಟುವಟಿಕೆಗಳಿವೆ. ಅವುಗಳನ್ನು ನಡೆಸಬೇಕಾದ ಮುಖ್ಯ ಜಾಗ ಮನೆ. ಅಂಗನವಾಡಿ ಕಾರ್ಯಕರ್ತೆ ಮನೆಭೇಟಿಯಲ್ಲಿ ತೋರಿಸಿಕೊಡುತ್ತಾರೆ, ಮಾಡುವವರು ತಾಯಿ, ತಂದೆ, ಅಜ್ಜಿ, ಅಜ್ಜ.

ಎರಡು ಮೂರು ತಿಂಗಳ ಕೂಸಿಗೆ ಚಟುವಟಿಕೆ ಎಂದರೆ ಏನಿರಬಹುದು? ಗುಳೇದಗುಡ್ಡದ ಖಣದ ಒಂದು ತುಂಡನ್ನು ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು ನಿಧಾನವಾಗಿ ಆಚೀಚೆ ಸರಿಸಿದರೆ ಕಣ್ಣು ಅದನ್ನು ಹಿಂಬಾಲಿಸುತ್ತದೆ. ಕೂಸು 'ಆಗೂ' ಎಂದಾಗ ತಾಯಿಯೂ 'ಆಗೂ' ಎಂದು ಸುಮ್ಮನಾದರೆ, ಕೂಸು ತುಸು ತಡೆದು ಮತ್ತೆ ಉತ್ತರಿಸುತ್ತದೆ. ಅದು ಸಂಭಾಷಣೆಯ ಮೊದಲ ಪಾಠ. ಜೋಗುಳ, ಚಪ್ಪಾಳೆ, ಸೆರಗಿನ ಮರೆಯಿಂದ ಇಣುಕುವ ಆಟ ನಮ್ಮ ಮನೆಗಳಿಗೆ ಹೊಸತಲ್ಲ. ಕೂಡುಕುಟುಂಬ ಚಿಕ್ಕದಾಗಿ, ದುಡಿಮೆಯ ಹೊತ್ತು ಹೆಚ್ಚಾಗಿ, ಕೂಸಿನ ಮುಂದೆ ಮಾತಿನ ಬದಲು ಮೊಬೈಲ್ ಬಂದ ಕಾಲದಲ್ಲಿ ಅವನ್ನು ಬರೆದಿಟ್ಟು ನೆನಪಿಸಬೇಕಾಗಿದೆ ಎಂಬುದೇ ಹೊಸತು. ಅಷ್ಟರ ಮಟ್ಟಿಗೆ ಇದು ಪಾಠವಲ್ಲ, ಒಡನಾಟದ ಕೈಪಿಡಿ. ಆದರೆ ಅದು ಏಕೆ ಬೇಕು ಎಂಬುದು ತಿಳಿಯಬೇಕಾದರೆ ಕೂಸು ಬೆಳೆಯುವ ರೀತಿಯನ್ನು ಮೊದಲು ನೋಡಬೇಕು.

ಕೂಸು ಒಂದೇ ಹದದಲ್ಲಿ ಬೆಳೆಯುವುದಿಲ್ಲ

ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ತುಸು ಇಳಿಯುತ್ತದೆ, ಎರಡು ವಾರದೊಳಗೆ ಮತ್ತೆ ಹುಟ್ಟಿದಾಗಿನ ತೂಕಕ್ಕೆ ಬರುತ್ತದೆ. ಐದನೇ ತಿಂಗಳ ಸುಮಾರಿಗೆ ಆ ತೂಕ ಎರಡರಷ್ಟಾಗುತ್ತದೆ, ವರ್ಷ ತುಂಬುವಾಗ ಮೂರರಷ್ಟು. ಹುಟ್ಟುವಾಗ 50 ಸೆಂಟಿಮೀಟರ್ ಆಸುಪಾಸಿನಲ್ಲಿದ್ದ ಉದ್ದ ವರ್ಷದೊಳಗೆ 75ಕ್ಕೆ ಏರುತ್ತದೆ. ಬದುಕಿನ ಮತ್ಯಾವ ವರ್ಷದಲ್ಲೂ ಮನುಷ್ಯ ಇಷ್ಟು ವೇಗವಾಗಿ ಬೆಳೆಯುವುದಿಲ್ಲ.

ಕೂಸಿನ ತೂಕ ಗುರುತಿಸಿಡುವ ತಾಯಿ ಕಾರ್ಡಿನ ತಕ್ತೆಯಲ್ಲಿ ಈ ಬೆಳವಣಿಗೆ ನುಣುಪಾದ ಗೆರೆಯಂತೆ ಕಾಣುತ್ತದೆ. ತಿಂಗಳಿಗೊಮ್ಮೆ ಇಟ್ಟ ಚುಕ್ಕಿಗಳನ್ನು ಜೋಡಿಸಿದ್ದರಿಂದ ಹಾಗೆ ಕಾಣುತ್ತದೆ ಅಷ್ಟೆ. ಅಮೆರಿಕದ ಮಾನವಶಾಸ್ತ್ರಜ್ಞೆ ಮಿಷೆಲ್ ಲ್ಯಾಂಪಲ್ ಮತ್ತು ಸಂಗಡಿಗರು 31 ಶಿಶುಗಳ ಉದ್ದವನ್ನು ಪದೇ ಪದೇ, ಕೆಲವರದ್ದನ್ನು ಪ್ರತಿದಿನವೂ ಅಳೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉದ್ದ ಒಂದಿಷ್ಟೂ ಬದಲಾಗುವುದಿಲ್ಲ. ಆಮೇಲೆ ಒಮ್ಮೆಲೇ ಅರ್ಧ ಸೆಂಟಿಮೀಟರ್, ಒಂದು ಸೆಂಟಿಮೀಟರ್, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಜಿಗಿತ. ಬೆಳೆಯದೆ ನಿಂತ ದಿನಗಳೇ ಹೆಚ್ಚು, ಬೆಳೆದ ದಿನಗಳು ಬೆರಳೆಣಿಕೆಯಷ್ಟು ಎಂಬುದು ಆ ಅಳತೆಗಳಿಂದ ಕಂಡ ಸಂಗತಿ. 2011ರಲ್ಲಿ ಅವರೇ 23 ಶಿಶುಗಳ ನಿದ್ದೆಯ ದಾಖಲೆಯನ್ನು ಉದ್ದದ ಜೊತೆ ಹೋಲಿಸಿದರು. ನಿದ್ದೆ ಇದ್ದಕ್ಕಿದ್ದಂತೆ ಹೆಚ್ಚಿದ ದಿನಗಳಾದ ಮೇಲೆ ಎರಡು ದಿನಗಳೊಳಗೆ ಉದ್ದ ಹೆಚ್ಚುವ ಸಾಧ್ಯತೆ ಹೆಚ್ಚಿತ್ತು. ಅಂದರೆ ಒಂದು ದಿನ ಎಂದಿಗಿಂತ ಹೆಚ್ಚು ಮಲಗಿ, ಎದ್ದಾಗ ಚೆನ್ನಾಗಿ ಕುಡಿಯುವ ಕೂಸು ಸೋಮಾರಿಯಾಗಿಲ್ಲ, ಮೈ ತನ್ನ ಕೆಲಸ ಮಾಡುತ್ತಿದೆ.

ಅಳುವಿಗೂ ತನ್ನದೇ ಏರಿಳಿತವಿದೆ. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲಿ ತಾಯಂದಿರ ದಿನಚರಿಗಳಿಂದ ತೋರಿಸಿದ್ದನ್ನು ನಂತರದವರೂ ಕಂಡಿದ್ದಾರೆ: ಎರಡನೇ ವಾರದಿಂದ ಅಳು ಏರುತ್ತ ಹೋಗಿ ಆರನೇ ವಾರದ ಸುಮಾರಿಗೆ ತುದಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಅದರಲ್ಲೂ ದೀಪ ಹಚ್ಚುವ ಹೊತ್ತಿಗೆ ಅಳು ಜೋರು. ಹೊಟ್ಟೆ ತುಂಬಿದ್ದರೂ, ಬಟ್ಟೆ ಒಣಗಿದ್ದರೂ, ಎತ್ತಿಕೊಂಡಿದ್ದರೂ ಅಳುತ್ತದೆ. ಇದರ ಮೇಲೆ ಮೂರು ನಾಲ್ಕನೇ ತಿಂಗಳಿಗೆ ನಿದ್ದೆಯ ರಚನೆಯೇ ಬದಲಾಗುತ್ತದೆ. ಹುಟ್ಟಿದ ಹೊಸತರಲ್ಲಿ ಎರಡೇ ಬಗೆಯಿದ್ದ ನಿದ್ದೆ ದೊಡ್ಡವರ ನಿದ್ದೆಯಂತೆ ಹಲವು ಮಜಲುಗಳಾಗಿ ಒಡೆಯುತ್ತದೆ. ಒಂದು ಸುತ್ತು ಮುಗಿದು ಇನ್ನೊಂದಕ್ಕೆ ಹೊರಳುವಾಗ, ಅಂದರೆ ಗಂಟೆಗೊಮ್ಮೆ ಎಂಬಂತೆ, ಕೂಸು ಎಚ್ಚರದ ಅಂಚಿಗೆ ಬರುತ್ತದೆ. ಎರಡು ತಿಂಗಳಿದ್ದಾಗ ಒಂದೇ ಸಮನೆ ಮಲಗುತ್ತಿದ್ದ ಮಗು ಈಗ ಹಾಳಾಯಿತು ಎಂದು ಮನೆಯವರಿಗೆ ಅನಿಸುವುದು ಇದೇ ಕಾಲದಲ್ಲಿ. ವಾಸ್ತವದಲ್ಲಿ ಅದರ ಮಿದುಳು ಒಂದು ಮೆಟ್ಟಿಲು ಹತ್ತಿದೆ.

ವಾರ ಹೇಳುವ ಕ್ಯಾಲೆಂಡರ್ ಎಷ್ಟು ಗಟ್ಟಿ?

ಮೊಬೈಲ್ ಆ್ಯಪ್‌ಗಳ 'ಜಿಗಿತ' ಎಂಬ ಕಲ್ಪನೆ ನೆದರ್ಲೆಂಡ್ಸ್‌ನ ಸಂಶೋಧಕ ದಂಪತಿಯಿಂದ ಬಂದದ್ದು. 1970ರ ದಶಕದಲ್ಲಿ ಅವರು ತಾಂಜಾನಿಯಾದ ಗೊಂಬೆ ಕಾಡಿನಲ್ಲಿ ಚಿಂಪಾಂಜಿ ತಾಯಿ ಮರಿಗಳನ್ನು ಗಮನಿಸಿದ್ದರು. ಮರಿಗಳು ಹೊಸತೊಂದನ್ನು ಕಲಿಯುವ ಮುನ್ನ ತಾಯಿಗೆ ಹೆಚ್ಚು ಅಂಟಿಕೊಳ್ಳುವುದು ಕಣ್ಣಿಗೆ ಬಿತ್ತು. ಅದನ್ನೇ ಮನುಷ್ಯರ ಮಕ್ಕಳಲ್ಲಿ ಹುಡುಕಿ, 15 ತಾಯಿ ಮಕ್ಕಳ ಜೋಡಿಗಳ ಅಧ್ಯಯನವನ್ನು 1992ರಲ್ಲಿ ಪ್ರಕಟಿಸಿದರು. ಐದು, ಎಂಟು, ಹನ್ನೆರಡು, ಹತ್ತೊಂಬತ್ತು, ಇಪ್ಪತ್ತಾರು ಹೀಗೆ ನಿಶ್ಚಿತ ವಾರಗಳಲ್ಲಿ, ಒಂದೂವರೆ ವರ್ಷದೊಳಗೆ ಹತ್ತು ಜಿಗಿತಗಳು ಎಂಬ ಲೆಕ್ಕ ಅಲ್ಲಿಂದ ಬೆಳೆಯಿತು.

ಎಲ್ಲ ಮಕ್ಕಳಿಗೂ ಒಂದೇ ವಾರ ಎಂಬ ಮಾತು ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅದೇ ದೇಶದ ಸಂಶೋಧಕಿ ಕರೋಲಿನಾ ಡಿ ವೀರ್ತ್ ಕೆಲವೇ ಶಿಶುಗಳನ್ನು ತಿಂಗಳುಗಟ್ಟಲೆ ಹತ್ತಿರದಿಂದ ಗಮನಿಸಿದಾಗ ಆ ನಿಶ್ಚಿತ ವಾರಗಳು ಕಾಣಿಸಲಿಲ್ಲ. ಪ್ರತಿ ಕೂಸಿನ ಏರಿಳಿತವೂ ಬೇರೆಬೇರೆಯಾಗಿತ್ತು. ಎರಡೂ ಕಡೆಯ ಅಧ್ಯಯನಗಳು ಚಿಕ್ಕವು ಎಂಬುದು ನಿಜ. ಆದರೆ ಲ್ಯಾಂಪಲ್ ಅವರ ಅಳತೆಗಳೂ ಇದನ್ನೇ ಸೂಚಿಸುತ್ತವೆ: ಜಿಗಿತ ಇದೆ, ಪಂಚಾಂಗ ಇಲ್ಲ.

ಈ ವ್ಯತ್ಯಾಸವನ್ನು ಚಿಕ್ಕದೆಂದು ತಳ್ಳಿಹಾಕಬಾರದು. ವಾರ ನಂಬಿದ ತಾಯಿಗೆ ಎರಡು ತೊಂದರೆಗಳು ಎದುರಾಗುತ್ತವೆ. ಆ್ಯಪ್ ಹೇಳಿದ ವಾರದಲ್ಲಿ ಮಗು ಹೊಸತೇನನ್ನೂ ಮಾಡದಿದ್ದರೆ ಸುಮ್ಮನೆ ಆತಂಕ. ಅದೇ ವಾರದಲ್ಲಿ ಮಗುವಿಗೆ ಕಿವಿಯ ಸೋಂಕೋ ಜ್ವರವೋ ಬಂದು ಅತ್ತರೆ, ಜಿಗಿತ ತಾನೇ ಎಂದು ಎರಡು ದಿನ ಕಳೆಯುವ ಅಪಾಯ. ಎರಡನೆಯದು ಮೊದಲಿನದಕ್ಕಿಂತ ಕೆಟ್ಟದು. ಆದರೂ ಆ್ಯಪ್‌ಗಳು ಒಂದು ಒಳ್ಳೆಯ ಕೆಲಸ ಮಾಡಿವೆ ಎಂದು ಒಪ್ಪಿಕೊಳ್ಳಬೇಕು. ಅಳುವುದು ತಾಯಿಯ ತಪ್ಪಲ್ಲ, ಇದು ದಾಟಿಹೋಗುತ್ತದೆ ಎಂದು ನಡುರಾತ್ರಿಯಲ್ಲಿ ಹೇಳುವವರು ಎಷ್ಟೋ ತಾಯಂದಿರಿಗೆ ಬೇರೆ ಯಾರೂ ಇಲ್ಲ.

'ಹಾಲು ಸಾಲುತ್ತಿಲ್ಲ' ಎಂಬ ತೀರ್ಪು

ಇಡೀ ವಿಷಯದ ತಿರುಳು ಇಲ್ಲಿದೆ. ಬೆಳವಣಿಗೆಯ ಜಿಗಿತದ ದಿನಗಳಲ್ಲಿ ಕೂಸು ಅರ್ಧ ಗಂಟೆಗೊಮ್ಮೆ ಎದೆ ಕೇಳುತ್ತದೆ. ಸಾಮಾನ್ಯವಾಗಿ ಎರಡು ಮೂರನೇ ವಾರ, ಆರನೇ ವಾರ, ಮೂರನೇ ತಿಂಗಳು, ಆರನೇ ತಿಂಗಳ ಆಸುಪಾಸಿನಲ್ಲಿ ಇದು ಕಾಣುತ್ತದೆ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಇದೂ ಅಂದಾಜೇ ಹೊರತು ಗಡಿಯಾರವಲ್ಲ. ಈಗಷ್ಟೇ ಕುಡಿದ ಕೂಸು ಮತ್ತೆ ಬಾಯಿ ತೆರೆದು ಅಳುವುದನ್ನು ನೋಡಿದ ಮನೆಯವರು ಒಂದೇ ತೀರ್ಮಾನಕ್ಕೆ ಬರುತ್ತಾರೆ: ಹಾಲು ಸಾಲುತ್ತಿಲ್ಲ.

ಮಲಪ್ರಭೆ ಘಟಪ್ರಭೆಯ ಒಣಗಿದ ಪಾತ್ರದಲ್ಲಿ ಬೇಸಿಗೆಯಲ್ಲಿ ಒರತೆ ತೋಡುವವರಿಗೆ ಎದೆಹಾಲಿನ ಗುಟ್ಟು ಹೇಳಿಕೊಡಬೇಕಿಲ್ಲ. ಮೊಗೆದಷ್ಟೂ ನೀರು ಒಸರುತ್ತದೆ, ಮೊಗೆಯದೆ ಬಿಟ್ಟರೆ ಮರಳು ಮುಚ್ಚಿಕೊಳ್ಳುತ್ತದೆ. ಕೂಸು ಚೀಪಿದಾಗ ತಾಯಿಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿ ಹಾಲು ತಯಾರಾಗುತ್ತದೆ. ಎದೆ ಬರಿದಾದರೆ ಉತ್ಪಾದನೆ ಚುರುಕಾಗುತ್ತದೆ, ಹಾಲು ತುಂಬಿ ನಿಂತರೆ ನಿಧಾನವಾಗುತ್ತದೆ. ರಾತ್ರಿ ಕುಡಿಸಿದಾಗ ಈ ಹಾರ್ಮೋನ್ ಇನ್ನೂ ಹೆಚ್ಚು. ಆದ್ದರಿಂದ ಆ ದಿನಗಳ ಪದೇ ಪದೇ ಕುಡಿಯುವಿಕೆ ಕೊರತೆಯ ಗುರುತಲ್ಲ, ಮುಂದಿನ ವಾರಕ್ಕೆ ಬೇಕಾದ ಹಾಲಿಗೆ ಕೂಸು ಕೊಡುತ್ತಿರುವ ಬೇಡಿಕೆ. ತಡೆಯದೆ ಕುಡಿಸಿದರೆ ಎರಡು ಮೂರು ದಿನಗಳಲ್ಲಿ, ಹೆಚ್ಚೆಂದರೆ ಒಂದು ವಾರದಲ್ಲಿ, ಹಾಲು ಬೇಡಿಕೆಯನ್ನು ಮುಟ್ಟುತ್ತದೆ, ಕೂಸು ತಣ್ಣಗಾಗುತ್ತದೆ.

ಆ ಎರಡು ಮೂರು ದಿನ ಕಾಯದೆ ಪುಡಿ ಹಾಲಿನ ಡಬ್ಬಿ ತಂದರೆ ಆಗುವುದೇನು? ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಎದೆಗೆ ಬರುವುದು ಕಡಿಮೆಯಾಗುತ್ತದೆ. ಎದೆ ಬರಿದಾಗದೆ ಹಾಲು ಇಳಿಯುತ್ತದೆ. ಹದಿನೈದು ದಿನಗಳಲ್ಲಿ ನಿಜಕ್ಕೂ ಹಾಲು ಸಾಲದಾಗುತ್ತದೆ, ನಾವು ಹೇಳಿದ್ದೇ ನಿಜವಾಯಿತು ಎಂದು ಮನೆಯವರಿಗೆ ಅನಿಸುತ್ತದೆ. ಡಬ್ಬಿಯ ಬೆಲೆ ಕೈಗೆ ಹತ್ತದ ಮನೆಗಳಲ್ಲಿ ಎರಡು ಚಮಚದ ಜಾಗದಲ್ಲಿ ಒಂದು ಚಮಚ ಪುಡಿ ಬೀಳುತ್ತದೆ, ಅಥವಾ ಎಮ್ಮೆ ಹಾಲಿಗೆ ನೀರು ಬೆರೆಯುತ್ತದೆ. ಕೂಸಿಗೆ ನೀರು ಸಿಗುತ್ತದೆ, ಪೋಷಣೆ ಸಿಗುವುದಿಲ್ಲ. ಬಾಟಲಿಯ ರಬ್ಬರಿನಲ್ಲಿ ಉಳಿದ ಹಾಲು ಬೇಸಿಗೆಯಲ್ಲಿ ಬೇಗ ಕೆಡುತ್ತದೆ, ಭೇದಿ ಶುರುವಾಗುತ್ತದೆ. ಭೇದಿಯಲ್ಲಿ ಕಳೆದುಕೊಂಡ ತೂಕದಿಂದ ನಾಲ್ಕು ಐದನೇ ತಿಂಗಳ ಗೆರೆ ಕೆಳಕ್ಕೆ ಬಾಗುತ್ತದೆ. ಶುರುವಾದದ್ದು ಒಂದು ಆರೋಗ್ಯವಂತ ಕೂಸಿನ ಹಸಿವಿನಿಂದ.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುವವರು ಶೇ 61. ಐದು ವರ್ಷದೊಳಗಿನವರಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ 35.4. ಎರಡನೆಯದಕ್ಕೆ ಕಾರಣಗಳು ಹಲವು. ಆದರೆ ಮೊದಲ ಅಂಕಿಯ ಹೊರಗುಳಿದ ಸುಮಾರು ಶೇ 39ರಷ್ಟು ಕೂಸುಗಳು ಆರು ತಿಂಗಳೊಳಗೇ ನೀರು, ಗುಟ್ಟಿ, ಗ್ರೈಪ್ ವಾಟರ್, ಮೇಲಿನ ಹಾಲು, ಯಾವುದೋ ಒಂದಕ್ಕೆ ಸರಿದಿವೆ.

ವಿಜಯಪುರ, ಬಾಗಲಕೋಟೆಗಳ ಬೇಸಿಗೆಯಲ್ಲಿ ನೀರಿನ ವಿಷಯ ಬೇರೆಯೇ ಹೇಳಬೇಕು. ಉಷ್ಣಾಂಶ 40 ಡಿಗ್ರಿ ದಾಟಿದಾಗ ಕೂಸಿಗೆ ಎರಡು ಚಮಚ ನೀರು ಕುಡಿಸದಿದ್ದರೆ ಹೇಗೆ ಎಂಬ ಕಳಕಳಿ ಪ್ರೀತಿಯದೇ. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ಬಿಸಿಲಿಗೆ ಬಾಯಾರಿದ ಕೂಸು ಹೆಚ್ಚು ಸಲ, ತುಸು ತುಸು ಕುಡಿಯುತ್ತದೆ, ಅಷ್ಟೇ ಸಾಕು. ನೀರು ಬೇಕಾಗಿರುವುದು ತಾಯಿಗೆ. ಬಾಣಂತಿಗೆ ನೀರು ಕಡಿಮೆ ಕೊಡುವ, ಸೊಪ್ಪು ಕಾಯಿಪಲ್ಲೆ ದೂರವಿಡುವ ಕಟ್ಟುಪಾಡು ಇರುವ ಮನೆಗಳು ಇದನ್ನು ಮರುಯೋಚಿಸಬೇಕು. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕಿಲೋ ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ರಾಷ್ಟ್ರೀಯ ಪೋಷಣೆ ಸಂಸ್ಥೆ ಹೇಳುತ್ತದೆ. ಅಂಟಿನ ಉಂಡಿ, ಅಳವಿ ಪಾಯಸದ ಪದ್ಧತಿ ಈ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಅದರ ಜೊತೆ ರೊಟ್ಟಿ, ಬೇಳೆ, ಪಲ್ಲೆ, ಹೊಟ್ಟೆ ತುಂಬ ನೀರು ಸೇರಬೇಕು. ಜೇನುತುಪ್ಪವನ್ನು ಮಾತ್ರ ವರ್ಷ ತುಂಬುವವರೆಗೆ ಕೂಸಿನ ನಾಲಗೆಗೆ ಸವರಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯ ಎಳೆಯ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಪಾರ್ಶ್ವವಾಯುವಿನಂಥ ಕಾಯಿಲೆ ತರಬಲ್ಲದು.

ಹಾಗಾದರೆ ಹಾಲು ಸಾಲುತ್ತಿದೆ ಎಂದು ತಿಳಿಯುವುದು ಹೇಗೆ? ಎದೆ ಮೆತ್ತಗಾಗಿದೆ, ಹಿಂಡಿದರೆ ಹೆಚ್ಚು ಬರುವುದಿಲ್ಲ, ಕೂಸು ಅಳುತ್ತದೆ ಎಂಬ ಮೂರೂ ಪುರಾವೆಯಲ್ಲ. ಒಂದು ಹಗಲು ಒಂದು ರಾತ್ರಿ ಸೇರಿ ಆರು ಅಥವಾ ಹೆಚ್ಚು ಸಲ ಮೂತ್ರದ ಬಟ್ಟೆ ಬದಲಿಸಬೇಕಾಗುತ್ತಿದ್ದರೆ, ತಿಂಗಳಿಗೆ ಕನಿಷ್ಠ 500 ಗ್ರಾಂನಷ್ಟು ತೂಕ ಏರುತ್ತಿದ್ದರೆ, ಹಾಲು ಸಾಲುತ್ತಿದೆ. ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಗಳನ್ನು ಸಂಜೆ ಎಣಿಸಿದರೆ ಉತ್ತರ ಸಿಗುತ್ತದೆ. ಹಾಲಿನ ಬದಲಿ ಆಹಾರ ಮತ್ತು ಬಾಟಲಿಗಳ ಪ್ರಚಾರವನ್ನು ಭಾರತ 1992ರ ಕಾಯ್ದೆಯಿಂದ ನಿಷೇಧಿಸಿ, 2003ರ ತಿದ್ದುಪಡಿಯಲ್ಲಿ ಇನ್ನಷ್ಟು ಬಿಗಿಗೊಳಿಸಿದ್ದು ಇದೇ ಕಾರಣಕ್ಕೆ: ಈ ತೀರ್ಪು ಕೊಡುವ ಗಳಿಗೆಯಲ್ಲಿ ತಾಯಿ ಅತ್ಯಂತ ಸುಲಭವಾಗಿ ಸೋಲುತ್ತಾಳೆ. ವೈದ್ಯಕೀಯ ಕಾರಣಕ್ಕೆ ಪುಡಿ ಹಾಲು ನಿಜಕ್ಕೂ ಬೇಕಾದ ಕೂಸುಗಳಿವೆ. ಅದನ್ನು ವೈದ್ಯರು ತೂಕ ನೋಡಿ ಹೇಳಬೇಕು, ಅಳು ಕೇಳಿ ಪಕ್ಕದ ಮನೆಯವರಲ್ಲ.

ಯಾರೂ ಬರದ ವಾರಗಳು

ಸರ್ಕಾರದ ಮನೆಭೇಟಿಯ ವ್ಯವಸ್ಥೆಯನ್ನು ಕೂಸಿನ ಬೆಳವಣಿಗೆಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ಕಂದಕ ಕಣ್ಣಿಗೆ ಬೀಳುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. 2018ರಲ್ಲಿ ಆರಂಭವಾದ ಎಳೆಯ ಮಕ್ಕಳ ಮನೆ ಆರೈಕೆ ಯೋಜನೆಯಂತೆ ಮುಂದಿನ ಭೇಟಿಗಳು 3, 6, 9, 12 ಮತ್ತು 15ನೇ ತಿಂಗಳಲ್ಲಿ. 42ನೇ ದಿನವೆಂದರೆ ಆರನೇ ವಾರ, ಅಳು ತುದಿ ಮುಟ್ಟುವ ಹೊತ್ತು. ಅಂದಿನ ಭೇಟಿ ಮುಗಿದ ಮೇಲೆ ಮೂರನೇ ತಿಂಗಳವರೆಗೆ ಬಾಗಿಲು ತಟ್ಟುವವರಿಲ್ಲ. ನಿದ್ದೆ ಒಡೆಯುವ ನಾಲ್ಕು, ಐದನೇ ತಿಂಗಳಲ್ಲೂ ಇಲ್ಲ.

ವಿಜಯಪುರ, ಬಾಗಲಕೋಟೆ ಕಡೆಯ ಪದ್ಧತಿ ಆ ಕಂದಕವನ್ನು ಇನ್ನೂ ಅಗಲ ಮಾಡುತ್ತದೆ. ಕುಬಸದ, ಅಂದರೆ ಸೀಮಂತದ, ನಂತರ ಹೆಣ್ಣುಮಗಳು ಮೊದಲ ಹೆರಿಗೆಗೆ ತವರಿಗೆ ಬರುತ್ತಾಳೆ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಗಂಡನ ಮನೆಗೆ ಹೊರಡುತ್ತಾಳೆ. ಬಾದಾಮಿಯ ತವರಿನಲ್ಲಿ ಅವಳ ಹೆಸರು ಗೊತ್ತಿದ್ದ ಆಶಾ ಕಾರ್ಯಕರ್ತೆಗೆ ಅವಳು ಸಿಂದಗಿಗೆ ಹೋದದ್ದು ತಿಳಿಯುತ್ತದೆ, ಸಿಂದಗಿಯ ಕಾರ್ಯಕರ್ತೆಗೆ ಅವಳು ಬಂದದ್ದು ತಿಳಿಯುವುದು ತಡವಾಗುತ್ತದೆ. ಕೂಸಿಗೆ ಅದೇ ವಾರದಲ್ಲಿ ಮನೆ ಬದಲು, ವಾಸನೆ ಬದಲು, ಎತ್ತಿಕೊಳ್ಳುವ ಕೈ ಬದಲು. ತಾಯಿಗೆ ಬೆನ್ನಿಗೆ ನಿಂತಿದ್ದ ಅವ್ವ ಇಲ್ಲ, ಮನೆಗೆಲಸ ಮರಳಿ ಬಂದಿದೆ. ಇಂಥ ವಾರದಲ್ಲಿ ನಿದ್ದೆಯೂ ಒಡೆದರೆ ಹೊಸ ಮನೆಯಲ್ಲಿ 'ಹಾಲು ಸಾಲುತ್ತಿಲ್ಲ' ಎಂಬ ಮಾತಿಗೆ ಎದುರು ಹೇಳುವ ಧೈರ್ಯ ಎಷ್ಟು ಜನ ಸೊಸೆಯಂದಿರಿಗೆ ಇರುತ್ತದೆ?

ಕಬ್ಬು ಕಡಿಯಲು ಹೋಗುವ ಕುಟುಂಬಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಕಾರ್ಖಾನೆಗಳು ಅರೆಯಲು ಆರಂಭಿಸಿದ ಮೇಲೆ ಚಳಿಗಾಲದ ಅಷ್ಟೂ ತಿಂಗಳು ಹೊಲದ ಬದುವಿನ ಗುಡಿಸಲೇ ಮನೆ. ಸೀರೆಯ ಜೋಳಿಗೆಯಲ್ಲಿ ಮಲಗಿದ ಕೂಸು ಅಳಲು ಶುರುಮಾಡಿದಾಗ ತಾಯಿಯ ಕೈಯಲ್ಲಿ ಕೊಯ್ತ ಇರುತ್ತದೆ. ಪದೇ ಪದೇ ಕುಡಿಸಬೇಕು ಎಂಬ ಸಲಹೆ ಅವಳ ದಿನಗೂಲಿಗೆ ಎದುರಾಗಿ ನಿಲ್ಲುತ್ತದೆ. ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ 'ಕೂಸಿನ ಮನೆ' ಒಳ್ಳೆಯ ಹೆಜ್ಜೆ. ಆದರೆ ಅದು ಊರಿನಲ್ಲಿ ಇರುತ್ತದೆ, ಕಬ್ಬಿನ ಗ್ಯಾಂಗು ಊರು ಬಿಟ್ಟಿರುತ್ತದೆ.

ಆಟದಿಂದ ಏನು ಲಾಭ?

ಹೊಟ್ಟೆಗೆ ಅನ್ನವೇ ಸಾಲದಿರುವಾಗ ಆಟದ ಕ್ಯಾಲೆಂಡರ್ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಇದಕ್ಕೆ ಉತ್ತರ ಜಮೈಕಾದಿಂದ ಬಂದಿದೆ. ಅಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಕಿಂಗ್‌ಸ್ಟನ್‌ನ ಬಡ ಕೇರಿಗಳಿಂದ ಎತ್ತರ ಕುಂಠಿತಗೊಂಡ 129 ಮಕ್ಕಳನ್ನು ಆರಿಸಿದರು. ವಯಸ್ಸು 9ರಿಂದ 24 ತಿಂಗಳು. ಕೆಲವರಿಗೆ ಪೌಷ್ಟಿಕ ಆಹಾರ, ಕೆಲವರಿಗೆ ವಾರಕ್ಕೊಮ್ಮೆ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯಿಂದ ಒಂದು ಗಂಟೆಯ ಆಟ ಮಾತು, ಕೆಲವರಿಗೆ ಎರಡೂ, ಉಳಿದವರಿಗೆ ಯಾವುದೂ ಇಲ್ಲ. ಆಟಿಕೆಗಳು ಮನೆಯಲ್ಲೇ ಮಾಡಿದವು. ಕಾರ್ಯಕರ್ತೆಯ ಗುರಿ ಮಗುವಿಗಿಂತ ಹೆಚ್ಚಾಗಿ ತಾಯಿ, ಅವಳು ಉಳಿದ ಆರು ದಿನ ಆಡಿಸಬೇಕು. ಎರಡು ವರ್ಷ ಇದು ನಡೆಯಿತು. ಇಪ್ಪತ್ತು ವರ್ಷಗಳ ನಂತರ ಅದೇ ಮಕ್ಕಳನ್ನು ಹುಡುಕಿದಾಗ ಆಟ ಮಾತು ಸಿಕ್ಕವರ ಗಳಿಕೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು ಎಂದು 2014ರಲ್ಲಿ ವರದಿಯಾಯಿತು. ಆಹಾರ ಮಾತ್ರ ಪಡೆದವರಲ್ಲಿ ಅಂಥ ದೀರ್ಘಕಾಲದ ಲಾಭ ಕಾಣಲಿಲ್ಲ.

ಇದರಿಂದ ಆಹಾರ ಬೇಡವೆಂದು ಅರ್ಥ ಮಾಡಿಕೊಳ್ಳಬಾರದು. ಆರು ತಿಂಗಳ ಜಿಗಿತದಲ್ಲಿ ಆಹಾರದ ಪಾತ್ರ ಇನ್ನೂ ದೊಡ್ಡದು. ತಾಯಿಯ ಹೊಟ್ಟೆಯಿಂದ ತಂದ ಕಬ್ಬಿಣದ ದಾಸ್ತಾನು ಅಷ್ಟರಲ್ಲಿ ಮುಗಿಯುತ್ತ ಬಂದಿರುತ್ತದೆ, ಎದೆಹಾಲೊಂದೇ ಅದನ್ನು ತುಂಬಲಾರದು. ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5ರಷ್ಟು ರಕ್ತಹೀನರು ಎಂದು ಅದೇ ಸಮೀಕ್ಷೆ ಹೇಳಿದೆ. ಅನ್ನದ ತಿಳಿ, ಬೇಳೆಯ ಕಟ್ಟು ಎಂಬ ನೀರಾಳ ಊಟ ಇದಕ್ಕೆ ಮದ್ದಲ್ಲ. ಚಮಚ ಬಗ್ಗಿಸಿದರೆ ಜಾರದಷ್ಟು ಗಟ್ಟಿಯಾಗಿ ಮಸೆದ ಹೆಸರುಬೇಳೆ ಅನ್ನ, ಹಾಲಿನಲ್ಲಿ ನೆನೆದ ರೊಟ್ಟಿ, ಸೊಪ್ಪು, ತಿನ್ನುವ ಮನೆಗಳಲ್ಲಿ ಮೊಟ್ಟೆ, ಒಂದು ಚಮಚ ತುಪ್ಪ, ಜೊತೆಗೆ ಎದೆಹಾಲು. ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಕಬ್ಬಿಣದ ಸಿರಪ್ ಆಶಾ ಕಾರ್ಯಕರ್ತೆಯ ಬಳಿ ಉಚಿತ.

ಆಡಿಸಲು ಅಂಗಡಿಯ ಆಟಿಕೆ ಬೇಕಿಲ್ಲ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹಳೆಯ ಸೀರೆ ಸೇರಿಸಿ ಹೊಲಿದ ಕೌದಿಯ ಮೇಲೆ ಎಚ್ಚರವಿರುವ ಕೂಸನ್ನು ಹೊಟ್ಟೆಯ ಮೇಲೆ ಮಲಗಿಸಿ, ಮುಂದೆ ಹೊಳೆಯುವ ಸ್ಟೀಲ್ ಬಟ್ಟಲನ್ನು ಇಟ್ಟರೆ, ಮೂರು ತಿಂಗಳ ಕೂಸು ತನ್ನ ತಲೆಯ ಭಾರವನ್ನು ಎತ್ತಲು ಹೆಣಗುತ್ತದೆ. ಕುತ್ತಿಗೆ ನಡುಗುತ್ತದೆ, ಬಾಯಿಯಿಂದ ಜೊಲ್ಲು ಇಳಿಯುತ್ತದೆ, ಮೂಗು ಕೌದಿಗೆ ತಾಗುತ್ತದೆ, ಮತ್ತೆ ತಲೆ ಏಳುತ್ತದೆ. ಬಟ್ಟಲಿನಲ್ಲಿ ಯಾವುದೋ ಮುಖ ಕಾಣುತ್ತದೆ. ಎರಡು ನಿಮಿಷ ಸಾಕು, ದಿನಕ್ಕೆ ನಾಲ್ಕೈದು ಸಲ. ಕತ್ತು, ಹೆಗಲು, ಬೆನ್ನು ಗಟ್ಟಿಯಾಗಿ ಮುಂದೆ ಹೊರಳಲು, ಕೂರಲು ತಳಪಾಯ ಬೀಳುವುದು ಇಲ್ಲಿಂದ. ಮಗ್ಗದ ಸದ್ದೂ ಅದಕ್ಕೆ ಒಂದು ಲಯವೇ. ಕೂಸು ನಿದ್ದೆಗೆ ಜಾರಿದ ಕೂಡಲೇ ಅಂಗಾತ ಮಲಗಿಸಬೇಕು ಎಂಬುದೊಂದು ಎಚ್ಚರಿಕೆ.

ಎಂಟನೇ ತಿಂಗಳ ಅಂಟು, ಅಂಬೆಗಾಲಿನ ಗೊಂದಲ

ಎಂಟನೇ ತಿಂಗಳ ಸುಮಾರಿಗೆ ಇನ್ನೊಂದು ಬಿರುಗಾಳಿ. ಎಲ್ಲರ ಕೈಗೂ ಹೋಗುತ್ತಿದ್ದ ಮಗು ಈಗ ಸೋದರಮಾವನನ್ನು ಕಂಡರೂ ಮುಖ ತಿರುಗಿಸುತ್ತದೆ, ತಾಯಿ ಬಚ್ಚಲಿಗೆ ಹೋದರೂ ಅಳುತ್ತದೆ. ಎತ್ತಿ ಎತ್ತಿ ಕೆಡಿಸಿದ್ದೀರಿ ಎಂಬ ಬೈಗುಳ ತಾಯಿಗೆ ಬೀಳುತ್ತದೆ. ಕಣ್ಣಿಗೆ ಕಾಣದ ವಸ್ತುವೂ ಇರುತ್ತದೆ ಎಂಬ ತಿಳಿವಳಿಕೆ ಮಗುವಿನಲ್ಲಿ ಹುಟ್ಟುವ ಕಾಲ ಇದು. ತಾಯಿ ಎಲ್ಲೋ ಇದ್ದಾಳೆ ಎಂದು ತಿಳಿಯಿತು, ಯಾವಾಗ ಬರುತ್ತಾಳೆ ಎಂದು ತಿಳಿಯದು. ಸೆರಗಿನ ಮರೆಯ ಆಟ ಈ ಭಯಕ್ಕೆ ಸರಿಯಾದ ಔಷಧ, ಹೋದವಳು ಬರುತ್ತಾಳೆ ಎಂಬುದನ್ನು ಅದು ನೂರು ಸಲ ಹೇಳುತ್ತದೆ. ಅಳು ನಿಲ್ಲಿಸಲು ಮೊಬೈಲ್ ಕೈಗಿಟ್ಟರೆ ಅಳು ನಿಲ್ಲುತ್ತದೆ, ಪಾಠವೂ ನಿಲ್ಲುತ್ತದೆ. ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಭಾರತೀಯ ಮಕ್ಕಳ ವೈದ್ಯರ ಸಂಘ ಆ ಗಡಿಯನ್ನು ಎರಡು ವರ್ಷಕ್ಕೆ ಇಟ್ಟಿದೆ.

ಅಂಬೆಗಾಲಿನ ಸುದ್ದಿಯಲ್ಲಿ ಸತ್ಯಾಂಶವಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಪಟ್ಟಿಯನ್ನು ಪರಿಷ್ಕರಿಸಿ, ಶೇ 75ರಷ್ಟು ಮಕ್ಕಳು ಯಾವ ವಯಸ್ಸಿಗೆ ಮಾಡಬಲ್ಲರೋ ಅದನ್ನೇ ಮೈಲಿಗಲ್ಲಾಗಿ ಇಟ್ಟಿತು, ಅಂಬೆಗಾಲನ್ನು ಕೈಬಿಟ್ಟಿತು. ಅಂಬೆಗಾಲಿಡುವುದು ಬೇಡ ಎಂದು ಅದು ಹೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ 816 ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 4.3ರಷ್ಟು ಮಕ್ಕಳು ಅಂಬೆಗಾಲಿಡದೆಯೇ ನಡೆದರು. ಆಸರೆಯಿಲ್ಲದೆ ಕೂರುವ ವಯಸ್ಸು 3.8ರಿಂದ 9.2 ತಿಂಗಳವರೆಗೆ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳವರೆಗೆ ಹಬ್ಬಿತ್ತು. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ನಡೆಯಿತೆಂದು ನಮ್ಮ ಹದಿನಾಲ್ಕು ತಿಂಗಳ ಮಗುವನ್ನು ವಾಕರ್‌ಗೆ ಹಾಕುವುದು ಈ ಹರವನ್ನು ಮರೆತ ಕೆಲಸ. ವಾಕರ್ ನಡಿಗೆಯನ್ನು ಬೇಗ ತರುವುದಿಲ್ಲ, ಬಿದ್ದು ಪೆಟ್ಟು ತರುತ್ತದೆ. ಕೆನಡಾ ಅದನ್ನು 2004ರಲ್ಲೇ ನಿಷೇಧಿಸಿತು.

ಕಾರ್ಯಕರ್ತೆಗೆ ಹೊತ್ತೆಲ್ಲಿದೆ?

ನವಚೇತನದ ಪರವಾಗಿರುವವರು ಹೇಳುವುದು: ವರ್ಷ ಎರಡರ ಮೂರರ ಹೊತ್ತಿಗೆ ಮಿದುಳು ವಯಸ್ಕರ ಗಾತ್ರದ ಶೇ 80ರಷ್ಟು ಬೆಳೆದಿರುತ್ತದೆ, ಶಾಲೆಗೆ ಬಂದ ಮೇಲೆ ಗಮನ ಕೊಡುವುದು ತಡ. ವಿರೋಧಿಸುವವರ ವಾದದಲ್ಲೂ ಹುರುಳಿದೆ. 2025ರ ಜುಲೈ 1ರಿಂದ ಮನೆಗೆ ಕೊಡುವ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಎಂಬ ಅಂಗನವಾಡಿ ಆ್ಯಪ್‌ನಲ್ಲಿ ಫಲಾನುಭವಿಯ ಮುಖ ಗುರುತಿಸುವುದು ಕಡ್ಡಾಯವಾಗಿದೆ. ನೆಟ್‌ವರ್ಕ್ ಸಿಗದ ಊರಿನಲ್ಲಿ ಒಂದು ಮುಖ ಹೊಂದಿಸಲು ಹೋಗುವ ಹೊತ್ತು ಒಂದು ಮನೆಭೇಟಿಯ ಹೊತ್ತೇ. ಇದರ ಮೇಲೆ ಸಮೀಕ್ಷೆ, ಚುನಾವಣಾ ಕೆಲಸ, ಮೂರು ವರ್ಷ ಮೇಲ್ಪಟ್ಟವರಿಗೆ ಎಲ್‌ಕೆಜಿ ಅಂಗನವಾಡಿಯಲ್ಲಿ ನಡೆಯಬೇಕೋ ಶಾಲೆಯಲ್ಲೋ ಎಂಬ ಜಗ್ಗಾಟ. ಗದ್ದಲವೆಲ್ಲ ಮೂರರ ಮೇಲಿನವರ ಸುತ್ತ ಇರುವಾಗ ಮೂರರ ಕೆಳಗಿನವರು ಹಿಂದೆ ಬೀಳುತ್ತಾರೆ. ಅವರು ಕೇಂದ್ರಕ್ಕೆ ಬರುವುದಿಲ್ಲ, ಅವರಿದ್ದಲ್ಲಿಗೆ ಯಾರಾದರೂ ಹೋಗಬೇಕು.

ಜಮೈಕಾದ ಫಲ ಬಂದದ್ದು ಕ್ಯಾಲೆಂಡರ್‌ನಿಂದಲ್ಲ, ವಾರಕ್ಕೊಮ್ಮೆ ನೆಲದ ಮೇಲೆ ಕೂತ ಒಂದು ಗಂಟೆಯಿಂದ. ಆ ಗಂಟೆಯನ್ನು ಕೊಡದೆ 140 ಚಟುವಟಿಕೆಗಳ ಎದುರು ಗುರುತು ಹಾಕಿಸಿಕೊಂಡರೆ ಎರಡು ಪರಿಣಾಮ ಖಚಿತ. ಕಾರ್ಯಕರ್ತೆಗೆ ಇನ್ನೊಂದು ರಿಜಿಸ್ಟರ್, ತಾಯಿಗೆ ಇನ್ನೊಂದು ಆತಂಕದ ಪಟ್ಟಿ. ಭೇಟಿಗಳನ್ನು ಆರನೇ ವಾರ ಮತ್ತು ಐದನೇ ತಿಂಗಳ ನಡುವೆ ಕೂಡಿಸಿ, ತವರಿನಿಂದ ಹೊರಟ ತಾಯಿಯ ಮಾಹಿತಿ ಅವಳಿಗಿಂತ ಮೊದಲೇ ಗಂಡನ ಊರು ಮುಟ್ಟುವಂತೆ ಮಾಡಿದರೆ, ಇದೇ ಯೋಜನೆ ಪುಡಿ ಹಾಲಿನ ಡಬ್ಬಿ ಮನೆಯೊಳಗೆ ಬರುವ ಮುನ್ನವೇ ಬಾಗಿಲಲ್ಲಿ ನಿಲ್ಲಬಲ್ಲದು.

ಕಾಯಬಾರದ ಲಕ್ಷಣಗಳು

ಜಿಗಿತದ ದಿನಗಳಲ್ಲಿ ಕೂಸು ಅಳುತ್ತದೆ, ಆದರೆ ಕುಡಿಯುತ್ತದೆ, ಮೂತ್ರ ಮಾಡುತ್ತದೆ, ನಡುನಡುವೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ. ಕುಡಿಯುವುದನ್ನೇ ಬಿಟ್ಟರೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ನೆತ್ತಿ ಒಳಕ್ಕೆ ಸರಿದರೆ, ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ ಅದು ಜಿಗಿತವಲ್ಲ, ಅದೇ ದಿನ ಆಸ್ಪತ್ರೆ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದಕ್ಕೆ ಕತ್ತು ನಿಲ್ಲದಿದ್ದರೆ, ಆರಕ್ಕೆ ಸದ್ದಿನತ್ತ ತಿರುಗದಿದ್ದರೆ, ಹತ್ತಕ್ಕೆ ಕೂರದಿದ್ದರೆ, ಒಂದೂವರೆ ವರ್ಷಕ್ಕೆ ನಡೆಯದಿದ್ದರೆ ತೋರಿಸಬೇಕು. ಬಂದ ಮಾತು, ಬಂದ ನಗು, ಕಲಿತ ಕೆಲಸ ಯಾವ ವಯಸ್ಸಿನಲ್ಲಾದರೂ ಮರಳಿ ಹೋದರೆ ಒಂದು ದಿನವೂ ಕಾಯಬಾರದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರುತ್ತದೆ, ಅಲ್ಲಿಂದ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಇದೆ.

ತೂಕದ ಗೆರೆ ಎರಡು ತಿಂಗಳು ಮೇಲೇರದೆ ಮಲಗಿದ್ದರೂ ಅದೇ ಎಚ್ಚರಿಕೆ. ಆದರೆ ಗೆರೆ ಮಲಗಿದೆಯೋ ಏರಿದೆಯೋ ತಿಳಿಯಲು ಹಿಂದಿನ ಚುಕ್ಕಿಗಳು ಬೇಕು. ಐದನೇ ತಿಂಗಳಲ್ಲಿ ತವರಿನ ಬಾಗಿಲಿಂದ ಕೂಸು ಹೊರಡುವಾಗ ತೊಟ್ಟಿಲು, ಕುಲಾವಿ, ಕೌದಿ, ಅಂಟಿನ ಉಂಡಿಯ ಡಬ್ಬಿ ಎಲ್ಲವೂ ಗಾಡಿ ಏರುತ್ತವೆ. ತಾಯಿ ಕಾರ್ಡ್ ಎಷ್ಟೋ ಸಲ ತವರಿನ ಗೂಡಿನಲ್ಲೇ ಉಳಿಯುತ್ತದೆ. ಅದು ಚೀಲದ ಮೇಲ್ಗಡೆ ಇದ್ದರೆ ಹೊಸ ಊರಿನ ಕಾರ್ಯಕರ್ತೆ ತಕ್ಕಡಿಯಲ್ಲಿ ಕೂಸನ್ನು ತೂಗಿ, ಆರನೇ ಚುಕ್ಕಿಯನ್ನು ಐದನೆಯದಕ್ಕೆ ಜೋಡಿಸಬಹುದು.